ಡಿಸ್ನಿಯ ಪ್ಲೆಷರ್ ಐಲ್ಯಾಂಡ್ ಏನಾಯ್ತು, ಮತ್ತೆ ಬರುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಒರ್ಲಾಂಡೊಗೆ ಟಿಕೆಟ್ ಬುಕ್ ಮಾಡಿದವರು, ತೊಂಬತ್ತರ ದಶಕದಲ್ಲಿ ಅಲ್ಲಿ ಕುಣಿದು ಬಂದವರು, ಇಬ್ಬರೂ ಕೇಳುವ ಪ್ರಶ್ನೆಗಳು ಇವು. ಕೆಲವಕ್ಕೆ ಒಂದೇ ಸಾಲಿನ ಉತ್ತರ ಸಾಕು. ಕೆಲವಕ್ಕೆ ಸಾಲದು.

ಪ್ಲೆಷರ್ ಐಲ್ಯಾಂಡ್ ಅಂದ್ರೆ ಏನು?

ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ಒಳಗೆ, ಲೇಕ್ ಬ್ಯೂನಾ ವಿಸ್ಟಾದಲ್ಲಿ ಇದ್ದ ನೈಟ್ ಕ್ಲಬ್‌ಗಳ ಬೀದಿ. ಥೀಮ್ ಪಾರ್ಕ್ ಅಲ್ಲ, ರೈಡ್ ಇರಲಿಲ್ಲ, ಮಿಕ್ಕಿ ಮೌಸ್ ಜೊತೆ ಫೋಟೋ ತೆಗೆಸಿಕೊಳ್ಳುವ ಜಾಗವೂ ಅಲ್ಲ. ರಾತ್ರಿ ಕುಡಿಯಲು, ಕುಣಿಯಲು, ನಗಲು ಬರುವ ದೊಡ್ಡವರಿಗಾಗಿ ಕಟ್ಟಿದ್ದು. 1989ರ ಮೇ 1ರಂದು ಶುರುವಾಯ್ತು. ಡಿಸ್ನಿ-ಎಂಜಿಎಂ ಸ್ಟುಡಿಯೋಸ್ ಪಾರ್ಕ್ ತೆರೆದದ್ದೂ ಅದೇ ದಿನ. ಪಕ್ಕದಲ್ಲಿ 1975ರಿಂದಲೇ ಒಂದು ಶಾಪಿಂಗ್ ವಿಲೇಜ್ ಇತ್ತು. 1997ರಲ್ಲಿ ಇನ್ನೊಂದು ಪಕ್ಕಕ್ಕೆ ವೆಸ್ಟ್ ಸೈಡ್ ಸೇರಿತು, ಮೂರಕ್ಕೂ ಸೇರಿಸಿ ಡೌನ್‌ಟೌನ್ ಡಿಸ್ನಿ ಎಂದು ಹೆಸರಿಟ್ಟರು.

ಮಕ್ಕಳ ಕಂಪನಿ ಡಿಸ್ನಿ ನೈಟ್ ಕ್ಲಬ್ ಯಾಕೆ ಕಟ್ಟಿತು?

ದುಡ್ಡು ಹೊರಗೆ ಹೋಗುತ್ತಿತ್ತು, ಅದಕ್ಕೆ. ಒರ್ಲಾಂಡೊ ಊರಿನ ಮಧ್ಯದಲ್ಲಿ ಬಾಬ್ ಸ್ನೋ ಎಂಬುವರು 1974ರಲ್ಲಿ ರೋಸಿ ಓಗ್ರೇಡೀಸ್ ಎಂಬ ಬಾರ್ ತೆರೆದರು. ಹಳೆಯ ರೈಲ್ವೆ ಸ್ಟೇಷನ್ ಸುತ್ತಮುತ್ತ ಅದು ಬೆಳೆದು ಚರ್ಚ್ ಸ್ಟ್ರೀಟ್ ಸ್ಟೇಷನ್ ಎಂಬ ದೊಡ್ಡ ಮನರಂಜನಾ ತಾಣವೇ ಆಯ್ತು. ಡಿಸ್ನಿ ಹೋಟೆಲ್‌ನಲ್ಲಿ ಇಳಿದವರು ಹಗಲೆಲ್ಲಾ ಪಾರ್ಕ್ ಸುತ್ತಿ, ಮಕ್ಕಳನ್ನು ಮಲಗಿಸಿ, ಕಾರು ಹತ್ತಿ ಅಲ್ಲಿಗೆ ಹೋಗುತ್ತಿದ್ದರು. 1984ರಲ್ಲಿ ಕಂಪನಿಯ ಮುಖ್ಯಸ್ಥರಾಗಿ ಬಂದ ಮೈಕೆಲ್ ಐಸ್ನರ್‌ಗೆ ಇದು ಹಿಡಿಸಲಿಲ್ಲ. ನಮ್ಮ ಅತಿಥಿ ರಾತ್ರಿಯ ಬಿಯರ್ ಅನ್ನೂ ನಮ್ಮ ಹತ್ತಿರವೇ ಕುಡಿಯಲಿ ಎಂಬ ಲೆಕ್ಕ. ಚರ್ಚ್ ಸ್ಟ್ರೀಟ್ ಆಮೇಲೆ ಸೊರಗಿತು, ಆದರೆ ಅದಕ್ಕೆ ಡಿಸ್ನಿ ಒಂದೇ ಕಾರಣ ಅಂತ ಹೇಳೋಕಾಗಲ್ಲ.

ಅಲ್ಲಿ ಯಾವ ಯಾವ ಕ್ಲಬ್ ಇದ್ದವು?

ಕಾಲಕಾಲಕ್ಕೆ ಬದಲಾಗುತ್ತಿದ್ದವು. ತಿರುಗುವ ಡಾನ್ಸ್ ಫ್ಲೋರ್ ಇದ್ದ ಮ್ಯಾನೆಕ್ವಿನ್ಸ್. ಅಲ್ಲೇ ಹುಟ್ಟಿದ ಜೋಕ್‌ಗಳ ಕಾಮಿಡಿ ವೇರ್‌ಹೌಸ್, ಅಲ್ಲಿ ನಟರಿಗೆ ಸ್ಕ್ರಿಪ್ಟ್ ಇರುತ್ತಿರಲಿಲ್ಲ, ಪ್ರೇಕ್ಷಕರು ಕೂಗಿದ ವಿಷಯಕ್ಕೆ ಆಡಬೇಕಿತ್ತು. ಎಪ್ಪತ್ತರ ದಶಕದ ಹಾಡುಗಳ 8ಟ್ರ್ಯಾಕ್ಸ್. ಕಂಟ್ರಿ ಸಂಗೀತದ ನಿಯಾನ್ ಆರ್ಮಡಿಲೊ, ಅದರ ಜಾಗದಲ್ಲಿ 1998ರಲ್ಲಿ ಬಂದ ಬಿಇಟಿ ಸೌಂಡ್‌ಸ್ಟೇಜ್. ಜಾಝ್‌ಗೆ ಪ್ರತ್ಯೇಕ ಕ್ಲಬ್. ಇನ್ನೊಂದು ಕ್ಲಬ್‌ನಲ್ಲಿ ಮೊದಲಿಗೆ ರೋಲರ್ ಸ್ಕೇಟಿಂಗ್ ಇತ್ತು. ಬಾರ್ ಇರುವ ಜಾಗದಲ್ಲಿ ಜನರ ಕಾಲಿಗೆ ಚಕ್ರ ಕಟ್ಟುವ ಐಡಿಯಾ ಯಾರಿಗೆ ಬಂತೋ! ಸ್ಕೇಟಿಂಗ್ ಬೇಗನೇ ಬಿಟ್ಟರು, ಅದು ರಾಕ್ ಎನ್ ರೋಲ್ ಬೀಚ್ ಕ್ಲಬ್ ಆಯ್ತು.

ಮತ್ತೆ ಅಡ್ವೆಂಚರರ್ಸ್ ಕ್ಲಬ್. ಅದಕ್ಕೆ ಬೇರೆಯೇ ಉತ್ತರ ಬೇಕು.

ಎಲ್ಲರೂ ಅಡ್ವೆಂಚರರ್ಸ್ ಕ್ಲಬ್ ಅಂತ ಕಣ್ಣೀರು ಹಾಕ್ತಾರಲ್ಲ, ಅದರಲ್ಲಿ ಅಂಥದ್ದೇನಿತ್ತು?

ಒಳಗೆ ಹೆಜ್ಜೆ ಇಟ್ಟರೆ ವರ್ಷ 1937. ದೇಶ ದೇಶ ಸುತ್ತಿದ ಸಾಹಸಿಗಳ ಖಾಸಗಿ ಕ್ಲಬ್, ಇವತ್ತು ಹೊರಗಿನವರಿಗೂ ಬಾಗಿಲು ತೆರೆದಿದ್ದಾರೆ, ನೀವು ಅತಿಥಿ. ಗೋಡೆ ತುಂಬಾ ಮುಖವಾಡಗಳು, ಬೇಟೆಯ ಟ್ರೋಫಿಗಳು, ಹಳೆಯ ಫೋಟೋಗಳು. ಅವುಗಳಲ್ಲಿ ಕೆಲವು ಇದ್ದಕ್ಕಿದ್ದಂತೆ ಮಾತಾಡುತ್ತಿದ್ದವು. ಬಾರ್‌ನಲ್ಲಿ ಕೂತವರ ಸ್ಟೂಲ್ ಮೆಲ್ಲಗೆ ಕೆಳಗೆ ಇಳಿಯುತ್ತಿತ್ತು, ಪಕ್ಕದವನಿಗಿಂತ ನಾನು ಯಾಕೆ ಕುಳ್ಳಗೆ ಕಾಣ್ತಿದ್ದೀನಿ ಅಂತ ಹೊಳೆಯುವ ಹೊತ್ತಿಗೆ ಬಾರ್ ಕೌಂಟರ್ ಗದ್ದದ ಹತ್ತಿರ ಬಂದಿರುತ್ತಿತ್ತು.

ಆದರೆ ಜೀವ ಇದ್ದದ್ದು ನಟರಲ್ಲಿ. ಕ್ಲಬ್ ಅಧ್ಯಕ್ಷೆ ಪಮೇಲಿಯಾ ಪರ್ಕಿನ್ಸ್, ಪೈಲಟ್ ಹ್ಯಾಥವೇ ಬ್ರೌನ್, ಮೀನು ತಜ್ಞ ಓಟಿಸ್ ರೆನ್, ಕ್ಯುರೇಟರ್ ಫ್ಲೆಚರ್ ಹಾಡ್ಜಸ್, ಬಟ್ಲರ್ ಗ್ರೇವ್ಸ್. ಇವರೆಲ್ಲ ಸ್ಟೇಜ್ ಮೇಲೆ ದೂರದಲ್ಲಿ ನಿಲ್ಲುತ್ತಿರಲಿಲ್ಲ, ನಿಮ್ಮ ಟೇಬಲ್‌ಗೆ ಬಂದು ನಿಮ್ಮ ಊರು ಕೇಳಿ, ನಿಮ್ಮನ್ನೇ ಗೇಲಿ ಮಾಡಿ, ಆಮೇಲೆ ಎಲ್ಲರ ಎದುರು ಕ್ಲಬ್ ಗೀತೆ ಹಾಡಿಸುತ್ತಿದ್ದರು. ಎಲ್ಲರೂ ಒಬ್ಬರಿಗೊಬ್ಬರು ಕೂಗುವ ಅಭಿವಾದನ ‘ಕುಂಗಲೂಷ್!’ ಅದೇ ಹೆಸರಿನ ಡ್ರಿಂಕ್ ಕೂಡ ಇತ್ತು. ಆಮೇಲೆ ಅನಿಮಲ್ ಕಿಂಗ್‌ಡಮ್ ಪಾರ್ಕ್ ರೂಪಿಸಿದ ಜೋ ರೋಡೆ ಈ ಕ್ಲಬ್‌ನ ಹಿಂದೆಯೂ ಇದ್ದರು.

ತೊಂದರೆಯೂ ಇಲ್ಲೇ ಇದೆ. ಇಷ್ಟು ನಟರಿಗೆ ರಾತ್ರಿ ರಾತ್ರಿ ಸಂಬಳ ಕೊಡಬೇಕು. ಬಂದ ಅಭಿಮಾನಿ ಒಂದೇ ಗ್ಲಾಸ್ ಹಿಡಿದು ಗಂಟೆಗಟ್ಟಲೆ ಕೂರುತ್ತಾನೆ. ಜನರಿಗೆ ತುಂಬಾ ಇಷ್ಟವಾದ ಜಾಗ, ಲೆಕ್ಕ ಬರೆಯುವವರಿಗೆ ಅಷ್ಟೇನೂ ಇಷ್ಟವಾಗದ ಜಾಗ.

ದಿನಾ ಹೊಸ ವರ್ಷ ಮಾಡ್ತಿದ್ರು ಅನ್ನೋದು ನಿಜಾನಾ?

ನಿಜ. ತೊಂಬತ್ತರ ದಶಕದ ಆರಂಭದಿಂದ 2005ರ ಕೊನೆಯವರೆಗೆ ಪ್ರತಿ ರಾತ್ರಿ ಕೌಂಟ್‌ಡೌನ್, ಪಟಾಕಿ, ಕಾಗದದ ಚೂರುಗಳ ಮಳೆ. ಮಂಗಳವಾರವಾದರೂ ಸರಿ, ಜೂನ್ ತಿಂಗಳಾದರೂ ಸರಿ. ನಿಜವಾದ ಡಿಸೆಂಬರ್ 31ರಂದು ಏನು ವಿಶೇಷ ಅಂತ ಕೇಳಬೇಡಿ, ಜನ ಮತ್ತು ಟಿಕೆಟ್ ದರ ಜಾಸ್ತಿ ಇರುತ್ತಿತ್ತು, ಅಷ್ಟೇ.

ಮೆರಿವೆದರ್ ಪ್ಲೆಷರ್ ಅನ್ನೋ ಮನುಷ್ಯ ನಿಜವಾಗಿ ಇದ್ದನಾ?

ಇಲ್ಲ. ಪ್ಲೆಷರ್ ಐಲ್ಯಾಂಡ್ ಎಂಬ ಹೆಸರಿಗೆ ಡಿಸ್ನಿಯವರು ಕಟ್ಟಿದ ಕಥೆ. 1911ರಲ್ಲಿ ಈ ದ್ವೀಪಕ್ಕೆ ಬಂದು ಹಡಗಿನ ಹಾಯಿಬಟ್ಟೆ ಹೊಲಿಯುವ ಕಾರ್ಖಾನೆ ಹಾಕಿದ, 1941ರಲ್ಲಿ ಸಮುದ್ರಯಾನಕ್ಕೆ ಹೋದವನು ವಾಪಸ್ ಬರಲಿಲ್ಲ, ಕಾರ್ಖಾನೆ ಪಾಳುಬಿತ್ತು, ಆ ಹಳೆಯ ಗೋಡೌನ್‌ಗಳಲ್ಲೇ ಈಗ ಕ್ಲಬ್ ಮಾಡಿದ್ದೇವೆ ಎಂಬಂತೆ ಪ್ರತಿ ಕಟ್ಟಡಕ್ಕೂ ಫಲಕ ಹಾಕಿದ್ದರು. ಬಂದವರಲ್ಲಿ ಬಹಳಷ್ಟು ಜನ ಆ ಫಲಕ ಓದಿರಲಿಕ್ಕಿಲ್ಲ. ಓದಿದವರು ಮಾತ್ರ ಇವತ್ತಿಗೂ ಮರೆತಿಲ್ಲ.

ಹಾಗಾದ್ರೆ ಮುಚ್ಚಿದ್ದು ಯಾಕೆ?

ಡಿಸ್ನಿ ಕೊಟ್ಟ ಕಾರಣ ಸರಳ: ಅತಿಥಿಗಳಿಗೆ ಊಟ ಮತ್ತು ಶಾಪಿಂಗ್ ಜಾಸ್ತಿ ಬೇಕು, ಇಡೀ ಕುಟುಂಬ ಬರುವಂತಹ ಜಾಗ ಬೇಕು. ಸುಳ್ಳು ಅಂತ ಹೇಳಲ್ಲ. ಆದರೆ ಅಷ್ಟೇ ಅಲ್ಲ.

ಜಾಗ ನೋಡಿ. ಒಂದು ಕಡೆ ಶಾಪಿಂಗ್, ಇನ್ನೊಂದು ಕಡೆ ಸಿನಿಮಾ, ಸರ್ಕಸ್ ಇರುವ ವೆಸ್ಟ್ ಸೈಡ್. ನಡುವೆ ಗೇಟ್ ಹಾಕಿ ಟಿಕೆಟ್ ಕೇಳುವ ದ್ವೀಪ. ರಾತ್ರಿ ಹೊತ್ತು ಈ ಕಡೆಯಿಂದ ಆ ಕಡೆಗೆ ಮಕ್ಕಳ ಜೊತೆ ನಡೆದು ಹೋಗುವವರಿಗೆ ಅದು ಅಡ್ಡ ಗೋಡೆ. 2004ರಲ್ಲಿ ಬೀದಿಗೆ ಪ್ರವೇಶ ಉಚಿತ ಮಾಡಿದರು, ಕ್ಲಬ್ ಒಳಗೆ ಹೋಗಲು ಮಾತ್ರ ಟಿಕೆಟ್. ಆಗ ಬೀದಿ ತುಂಬಿತು. ಆದರೆ ಸುಮ್ನೆ ಓಡಾಡಲು ಬಂದವರೇ ಜಾಸ್ತಿ, ಕ್ಲಬ್‌ಗೆ ದುಡ್ಡು ಕೊಟ್ಟವರು ಅಷ್ಟಿಲ್ಲ. ಮುಂದಿನ ವರ್ಷದ ಕೊನೆಗೆ ದಿನದ ಹೊಸ ವರ್ಷವೂ ನಿಂತಿತು. ಅಲ್ಲಿಗೆ ಆ ಬೀದಿಗೆ ಬರಲು ಇದ್ದ ದೊಡ್ಡ ನೆಪವೇ ಹೋಯ್ತು. ಇತ್ತ 1999ರಿಂದ ಒರ್ಲಾಂಡೊದ ಇನ್ನೊಂದು ಥೀಮ್ ಪಾರ್ಕ್ ಕಂಪನಿ ಯೂನಿವರ್ಸಲ್‌ನ ಮನರಂಜನಾ ಬೀದಿ ಸಿಟಿವಾಕ್ ಬೇರೆ ಪೈಪೋಟಿಗೆ ನಿಂತಿತ್ತು.

ನನ್ನ ಪ್ರಕಾರ ಮುಖ್ಯ ಕಾರಣ ಇದು: ಈ ಕ್ಲಬ್‌ಗಳನ್ನು ಬಹುತೇಕ ಡಿಸ್ನಿಯೇ ನಡೆಸುತ್ತಿತ್ತು. ನಟರು, ಡಿಜೆ, ಬಾರ್‌ನವರು, ಬೆಳಕು, ಕ್ಲೀನಿಂಗ್, ಎಲ್ಲದರ ಖರ್ಚೂ ಕಂಪನಿಯ ತಲೆ ಮೇಲೆ. ಅದೇ ಜಾಗವನ್ನು ಹೊರಗಿನ ರೆಸ್ಟೋರೆಂಟ್‌ಗೆ ಕೊಟ್ಟರೆ ಕಟ್ಟಡ ಸಜ್ಜು ಮಾಡುವ ಖರ್ಚು, ನಷ್ಟದ ಭಯ ಅವರದ್ದು, ಬಾಡಿಗೆ ನಮ್ಮದು. ತಾನೇ ಒಲೆ ಹಚ್ಚಿ ಹೋಟೆಲ್ ನಡೆಸುತ್ತಿದ್ದ ಮನುಷ್ಯ ಒಂದು ದಿನ ಕಟ್ಟಡವನ್ನು ಮಳಿಗೆಗಳಾಗಿ ಒಡೆದು ಬಾಡಿಗೆಗೆ ಬಿಟ್ಟ ಹಾಗೆ. 2005ರಲ್ಲಿ ಜಾಝ್ ಕ್ಲಬ್ ಹೋಗಿ ಅಲ್ಲಿ ರ‍್ಯಾಗ್ಲನ್ ರೋಡ್ ಎಂಬ ಐರಿಷ್ ಪಬ್ ಬಂತಲ್ಲ, ಮುಂದೆ ಏನಾಗುತ್ತದೆ ಅನ್ನೋದಕ್ಕೆ ಅದೇ ಸೂಚನೆ.

ಯಾವಾಗ ಮುಚ್ಚಿತು?

2008ರ ಜೂನ್ ಕೊನೆಯಲ್ಲಿ ಹೇಳಿದರು, ಸೆಪ್ಟೆಂಬರ್ 27 ಕೊನೆಯ ರಾತ್ರಿ. ಅಡ್ವೆಂಚರರ್ಸ್ ಕ್ಲಬ್ ಮಾತ್ರ ಖಾಸಗಿ ಪಾರ್ಟಿಗಳಿಗಾಗಿ ಇನ್ನೊಂದು ವರ್ಷ ಉಸಿರಾಡಿತು. 2009ರ ಸೆಪ್ಟೆಂಬರ್‌ನಲ್ಲಿ ಅಭಿಮಾನಿಗಳು ದುಡ್ಡು ಹಾಕಿ ಬಂದು ಸೇರಿದ ಕೂಟದೊಂದಿಗೆ ಅದೂ ಮುಗಿಯಿತು.

ಮುಚ್ಚಿದ ಮೇಲೆ ಅಷ್ಟು ವರ್ಷ ಖಾಲಿ ಯಾಕೆ ಬಿಟ್ಟರು?

ಟೈಮಿಂಗ್ ಕೆಟ್ಟಿತ್ತು. ಕೊನೆಯ ರಾತ್ರಿಗೆ 12 ದಿನ ಮುಂಚೆ, ಸೆಪ್ಟೆಂಬರ್ 15ಕ್ಕೆ, ಲೇಮನ್ ಬ್ರದರ್ಸ್ ಬ್ಯಾಂಕ್ ಮುಳುಗಿತು. ಅಮೆರಿಕದಲ್ಲಿ ಸಾಲ ಹುಟ್ಟುವುದೇ ಕಷ್ಟವಾದ ಕಾಲದಲ್ಲಿ ಹೊಸ ರೆಸ್ಟೋರೆಂಟ್ ಕಟ್ಟಲು ಯಾರು ಮುಂದೆ ಬರ್ತಾರೆ? ಕ್ಲಬ್‌ಗಳನ್ನು ಮುಚ್ಚಿಯಾಗಿತ್ತು, ಬಾಡಿಗೆದಾರರು ಸಾಲುಗಟ್ಟಿ ಬರಲಿಲ್ಲ. 2009ರಲ್ಲಿ ಪ್ಯಾರಡಿಸೊ 37 ಎಂಬ ರೆಸ್ಟೋರೆಂಟ್ ತೆರೆಯಿತು, ರ‍್ಯಾಗ್ಲನ್ ರೋಡ್ ನಡೆಯುತ್ತಲೇ ಇತ್ತು. ಇವುಗಳ ನಡುವೆ ಬಾಗಿಲು ಹಾಕಿದ ಕಟ್ಟಡಗಳು. ಆ ಕಾಲದಲ್ಲಿ ಹೋದವರಿಗೆ ನೆನಪಿರುವುದು ತಗಡು-ಹಲಗೆಯ ಬೇಲಿಗಳೇ.

ಹೈಪೀರಿಯನ್ ವಾರ್ಫ್ ಅಂತ ಏನೋ ಕೇಳಿದ್ದೆ?

2010ರ ನವೆಂಬರ್‌ನಲ್ಲಿ ಡಿಸ್ನಿ ಘೋಷಿಸಿದ ಪ್ಲಾನ್ ಅದು. ಇಪ್ಪತ್ತನೇ ಶತಮಾನದ ಆರಂಭದ ಬಂದರು ಪಟ್ಟಣದ ವೇಷ, ನೀರಿನ ಪಕ್ಕ ಊಟ, ರಾತ್ರಿ ಸಾವಿರಾರು ದೀಪ. ಗ್ರೀಕರ ಬೆಳಕಿನ ದೇವರ ಹೆಸರು, ಜೊತೆಗೆ ವಾಲ್ಟ್ ಡಿಸ್ನಿಯ ಹಳೆಯ ಸ್ಟುಡಿಯೋ ಇದ್ದ ಲಾಸ್ ಏಂಜಲೀಸ್‌ನ ಹೈಪೀರಿಯನ್ ಅವೆನ್ಯೂದ ನೆನಪು. 2013ಕ್ಕೆ ಸಿದ್ಧವಾಗಬೇಕಿತ್ತು. ಚಿತ್ರಗಳು ಚೆನ್ನಾಗಿದ್ದವು. ಮರುವರ್ಷವೇ ಕೆಲಸ ನಿಂತಿತು.

ನಿಂತದ್ದು ಒಳ್ಳೆಯದೇ ಆಯ್ತು ಅಂತ ನನಗೆ ಅನಿಸುತ್ತೆ. ಆಗಿನ ಡೌನ್‌ಟೌನ್ ಡಿಸ್ನಿಗೆ ರಜಾದಿನ ಸಂಜೆ ಕಾರಿನಲ್ಲಿ ಹೋಗಿದ್ದೀರಾ? ಜಾಗ ಹುಡುಕುತ್ತಾ ಬಯಲು ಪಾರ್ಕಿಂಗ್‌ನಲ್ಲಿ ಸುತ್ತಿ ಸುತ್ತಿ, ಊಟದ ಬುಕಿಂಗ್ ತಪ್ಪಿ, ಮನೆಯವರ ಹತ್ತಿರ ಬೈಸಿಕೊಂಡು... ಆ ದಾರಿ, ಆ ಪಾರ್ಕಿಂಗ್ ಹಾಗೇ ಇಟ್ಟುಕೊಂಡು ನಡುವಿನ ದ್ವೀಪಕ್ಕೆ ಮಾತ್ರ ಹೊಸ ಬಣ್ಣ ಹೊಡೆದಿದ್ದರೆ ಏನು ಉಪಯೋಗ?

ಈಗ ಅಲ್ಲಿ ಏನಿದೆ?

ಡಿಸ್ನಿ ಸ್ಪ್ರಿಂಗ್ಸ್. 2013ರ ಮಾರ್ಚ್‌ನಲ್ಲಿ ಘೋಷಣೆ, 2015ರ ಸೆಪ್ಟೆಂಬರ್ ಕೊನೆಗೆ ಹೆಸರು ಬದಲು, 2016ರ ಮೇ ತಿಂಗಳಲ್ಲಿ ಟೌನ್ ಸೆಂಟರ್ ಎಂಬ ಹೊಸ ಭಾಗ ಶುರು. ಅಂಗಡಿ, ರೆಸ್ಟೋರೆಂಟ್ ಎಲ್ಲಾ ಸೇರಿ 150ಕ್ಕೂ ಹೆಚ್ಚು ಅಂತ ಯೋಜನೆ. ನಮ್ಮ ಹಳೆಯ ದ್ವೀಪ ಇದರಲ್ಲಿ ‘ದಿ ಲ್ಯಾಂಡಿಂಗ್’ ಎಂಬ ಭಾಗ.

ಕಥೆಯನ್ನೂ ಬದಲಿಸಿದರು. ಹಾಯಿ ಹೊಲಿಯುವವನು ಹೋದ. ಈಗಿನ ಕಥೆಯಲ್ಲಿ 1850ರ ದಶಕದ ಒಬ್ಬ ದನಗಾಹಿ ನೀರಿನ ಬುಗ್ಗೆ ಕಂಡು ಅದರ ಸುತ್ತ ಊರು ಕಟ್ಟಿದ. ಸುಮ್ಮನೆ ಹೇಳಿಬಿಡ್ತೀನಿ, ಕಥೆ ಸಪ್ಪೆ. ಊಟ ಮಾತ್ರ ಸಪ್ಪೆಯಲ್ಲ. ಜಪಾನಿ ಶೆಫ್ ಮಸಾಹರು ಮೊರಿಮೊಟೊ ಅವರ ಮೊರಿಮೊಟೊ ಏಷ್ಯಾ 2015ರಲ್ಲಿ ಬಂದದ್ದು ಮ್ಯಾನೆಕ್ವಿನ್ಸ್ ಇದ್ದ ಕಟ್ಟಡಕ್ಕೇ. ಜನ ತಿರುಗುತ್ತಿದ್ದ ಜಾಗದಲ್ಲಿ ಈಗ ಬಾತುಕೋಳಿ ಬೇಯುತ್ತೆ. ಅದೇ ವರ್ಷ ಬೋಟ್‌ಹೌಸ್ ಎಂಬ ರೆಸ್ಟೋರೆಂಟ್ ತೆರೆಯಿತು, ರಸ್ತೆಯಿಂದ ಸೀದಾ ಕೆರೆಗೆ ಇಳಿಯುವ ಅರವತ್ತರ ದಶಕದ ಆಂಫಿಕಾರ್‌ಗಳು ಅದರ ಆಕರ್ಷಣೆ. 2018ರಲ್ಲಿ ದಿ ಎಡಿಸನ್ ಎಂಬ ಇನ್ನೊಂದು ರೆಸ್ಟೋರೆಂಟ್ ಬಂತು.

ಇಷ್ಟೆಲ್ಲ ಪಾರ್ಕಿಂಗ್ ಗ್ಯಾರೇಜ್ ಯಾರ ದುಡ್ಡಿನಲ್ಲಿ ಕಟ್ಟಿದ್ದು?

ಒಳ್ಳೆ ಪ್ರಶ್ನೆ, ಯಾರೂ ಕೇಳಲ್ಲ. ಬಹುಮಹಡಿ ಗ್ಯಾರೇಜ್‌ಗಳು, ರಸ್ತೆ ಕೆಲಸ ಇವನ್ನು ಮಾಡಿಸಿದ್ದು ರೀಡಿ ಕ್ರೀಕ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್. 1967ರಲ್ಲಿ ಫ್ಲೋರಿಡಾ ಸರ್ಕಾರ ಡಿಸ್ನಿಗಾಗಿಯೇ ಎನ್ನುವಂತೆ ಮಾಡಿಕೊಟ್ಟ ಸ್ಥಳೀಯ ಆಡಳಿತ ಅದು. ಬಾಂಡ್ ಬಿಡುಗಡೆ ಮಾಡಿ ಸಾಲ ಎತ್ತುತ್ತದೆ, ತನ್ನ ವ್ಯಾಪ್ತಿಯ ಜಮೀನಿನ ಮೇಲೆ ತೆರಿಗೆ ಹಾಕಿ ತೀರಿಸುತ್ತದೆ. ಅಲ್ಲಿ ಬಹುಪಾಲು ಜಮೀನು ಡಿಸ್ನಿಯದ್ದೇ, ಹಾಗಾಗಿ ತೆರಿಗೆ ಕಟ್ಟುವುದೂ ಹೆಚ್ಚಾಗಿ ಅವರೇ. ಆದರೂ ಸರ್ಕಾರಿ ಸಂಸ್ಥೆಯ ಬಾಂಡ್‌ಗೆ ಸಿಗುವ ಕಡಿಮೆ ಬಡ್ಡಿ ದರದಲ್ಲಿ ಕೆಲಸ ಆಗುತ್ತೆ. ಕೇವಲ ಕ್ಲಬ್ ಬೀದಿಯಾಗಿ ಉಳಿದಿದ್ದರೆ ಇಷ್ಟು ದೊಡ್ಡ ರಸ್ತೆ-ಗ್ಯಾರೇಜ್ ಕೆಲಸಕ್ಕೆ ಕಾರಣವೇ ಇರುತ್ತಿರಲಿಲ್ಲ, ಅಲ್ವಾ? 2023ರಲ್ಲಿ ರಾಜಕೀಯ ಜಗಳದ ನಡುವೆ ರಾಜ್ಯ ಸರ್ಕಾರ ಆ ಸಂಸ್ಥೆಯ ಹೆಸರು, ಆಡಳಿತ ಮಂಡಳಿ ಎರಡನ್ನೂ ಬದಲಿಸಿತು. ಗ್ಯಾರೇಜ್‌ನಲ್ಲಿ ಕಾರು ನಿಲ್ಲಿಸುವವರಿಗೆ ಏನೂ ಬದಲಾಗಲಿಲ್ಲ, ಪಾರ್ಕಿಂಗ್ ಉಚಿತವೇ.

ಹಳೆಯದರ ಗುರುತು ಏನಾದರೂ ಉಳಿದಿದೆಯಾ?

ಹುಡುಕಿದರೆ ಸಿಗುತ್ತೆ. ರ‍್ಯಾಗ್ಲನ್ ರೋಡ್ ಅಲ್ಲೇ ಇದೆ, ಇವತ್ತಿಗೂ ಐರಿಷ್ ಸಂಗೀತ, ಕುಣಿತ. ನೀರಲ್ಲಿ ನಿಂತಿರುವ ಹಳೆಯ ಕಾಲದ ಸ್ಟೀಮರ್ ದ್ವೀಪಕ್ಕಿಂತ ಹಿರಿಯದು. 1977ರಲ್ಲಿ ವಾಲ್ಟ್ ಪತ್ನಿ ಲಿಲಿಯನ್ ಹೆಸರಲ್ಲಿ ಎಂಪ್ರೆಸ್ ಲಿಲ್ಲಿ ಎಂದು ತೆರೆದದ್ದು, ಆಮೇಲೆ ಫುಲ್ಟನ್ಸ್, 2017ರಿಂದ ಪ್ಯಾಡಲ್‌ಫಿಶ್. ನೋಡಲು ಹಡಗು, ಆದರೆ ಎಲ್ಲಿಗೂ ಹೋಗಲ್ಲ, ಅದು ರೆಸ್ಟೋರೆಂಟ್ ಇರುವ ಕಟ್ಟಡ.

ಅಡ್ವೆಂಚರರ್ಸ್ ಕ್ಲಬ್ ಅಭಿಮಾನಿಗಳು ನೇರವಾಗಿ ಜಾಕ್ ಲಿಂಡ್ಸೀಸ್ ಹ್ಯಾಂಗರ್ ಬಾರ್‌ಗೆ ಹೋಗಲಿ. ಇಂಡಿಯಾನಾ ಜೋನ್ಸ್‌ನ ಪೈಲಟ್ ಗೆಳೆಯನ ಹೆಸರಿನ ಬಾರ್ ಅದು, ಗೋಡೆಯ ಮೇಲಿನ ಕಾಗದ-ಪತ್ರಗಳಲ್ಲಿ ಹಳೆಯ ಕ್ಲಬ್‌ನ ಸುಳಿವು ಇಟ್ಟಿದ್ದಾರೆ. ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕ್ ಒಳಗಿನ ಸ್ಕಿಪ್ಪರ್ ಕ್ಯಾಂಟೀನ್ ರೆಸ್ಟೋರೆಂಟ್‌ನಲ್ಲೂ ಹಾಗೆ. ಆದರೆ ಗೋಡೆ ಮೇಲಿನ ಸುಳಿವು ಬೇರೆ, ಟೇಬಲ್‌ಗೆ ಬಂದು ಕಾಲೆಳೆಯುವ ನಟ ಬೇರೆ.

ಪ್ಲೆಷರ್ ಐಲ್ಯಾಂಡ್ ಮತ್ತೆ ಬರುತ್ತಾ?

ಆ ಹೆಸರಿನಲ್ಲಿ, ಆ ರೂಪದಲ್ಲಿ, ಇಲ್ಲ. ಕೆಲವು ಕಟ್ಟಡ ಕೆಡವಿಯಾಗಿದೆ, ಕೆಲವನ್ನು ಒಳಗಿನಿಂದ ಪೂರ್ತಿ ಬದಲಿಸಿಯಾಗಿದೆ, ಬಾಡಿಗೆ ಕರಾರುಗಳು ಇವೆ. ರಾತ್ರಿ ಹತ್ತರ ನಂತರ ಮಾತ್ರ ದುಡಿಯುವ ಕ್ಲಬ್‌ಗಾಗಿ, ಬೆಳಗ್ಗೆ ಹನ್ನೊಂದರಿಂದ ದುಡಿಯುವ ರೆಸ್ಟೋರೆಂಟ್ ಅನ್ನು ಯಾರು ಎಬ್ಬಿಸುತ್ತಾರೆ?

ಒಂದು ಅಡ್ವೆಂಚರರ್ಸ್ ಕ್ಲಬ್ ಮಾತ್ರ ಬೇರೆ ಕಡೆ ಹುಟ್ಟಬಹುದಿತ್ತು, ಈಗಲೂ ಹುಟ್ಟಬಹುದು ಅಂತ ನನ್ನ ಆಸೆ. ಅದಕ್ಕೆ ದ್ವೀಪ ಬೇಕಿಲ್ಲ, ನಾಲ್ಕು ಕೋಣೆ ಮತ್ತು ಒಳ್ಳೆಯ ನಟರು ಸಾಕು. ಆದರೆ ನಟರ ಸಂಬಳದ ಲೆಕ್ಕ 2008ರಲ್ಲಿ ಇದ್ದದ್ದಕ್ಕಿಂತ ಸುಲಭವಾಗಿಲ್ಲ. ಹಾಗಾಗಿ ಅಂತರ್ಜಾಲದಲ್ಲಿ ವರ್ಷಕ್ಕೊಮ್ಮೆ ಓಡಾಡುವ ‘ವಾಪಸ್ ಬರ್ತಿದೆಯಂತೆ’ ಸುದ್ದಿ ನೋಡಿ ವಿಮಾನ ಬುಕ್ ಮಾಡಬೇಡಿ.

ಈಗ ರಾತ್ರಿ ಜೀವನ ಪೂರ್ತಿ ಸತ್ತು ಹೋಗಿದೆಯಾ?

ಇಲ್ಲ, ಊಟದ ಜೊತೆಗೆ ಸೇರಿಕೊಂಡಿದೆ. ವೆಸ್ಟ್ ಸೈಡ್‌ನ ಹೌಸ್ ಆಫ್ ಬ್ಲೂಸ್‌ನಲ್ಲಿ ಸಂಗೀತ ಕಛೇರಿ, ಸ್ಪ್ಲಿಟ್ಸ್‌ವಿಲ್‌ನಲ್ಲಿ ಬೌಲಿಂಗ್, 2021ರಿಂದ ಸರ್ಕ್ ದು ಸೊಲೇ ಎಂಬ ಸರ್ಕಸ್ ಕಂಪನಿಯ ಹೊಸ ಶೋ. ಇಲ್ಲಿ ಕೊಂಡ ಡ್ರಿಂಕ್ ಕೈಯಲ್ಲಿ ಹಿಡಿದು ನಡೆಯಲೂಬಹುದು. ಫ್ಲೋರಿಡಾದಲ್ಲಿ ಕುಡಿಯಲು 21 ತುಂಬಿರಬೇಕು, ಕೂದಲು ನರೆತಿದ್ದರೂ ಗುರುತಿನ ಚೀಟಿ ಕೇಳುತ್ತಾರೆ. ಭಾರತದಿಂದ ಹೋದವರು ಪಾಸ್‌ಪೋರ್ಟ್ ಇಟ್ಟುಕೊಳ್ಳಿ, ಆಧಾರ್ ಕಾರ್ಡ್ ತೋರಿಸಿ ವಾದ ಮಾಡಬೇಡಿ. ಬೆಳಗಿನ ಜಾವದವರೆಗೆ ಕುಣಿಯಲೇಬೇಕು ಅನ್ನುವವರು ಒರ್ಲಾಂಡೊ ಊರೊಳಗೆ ಹೋಗಿ. ಅಂದರೆ ಐಸ್ನರ್ ಬರುವ ಮುಂಚೆ ಜನ ಏನು ಮಾಡುತ್ತಿದ್ದರೋ ಅದೇ.

ಅತ್ತೆ-ಮಾವ, ಮಕ್ಕಳ ಜೊತೆ ಹೋಗಬಹುದಾ? ಸಸ್ಯಾಹಾರ ಸಿಗುತ್ತಾ?

ಧಾರಾಳವಾಗಿ ಹೋಗಿ. ಪ್ರವೇಶಕ್ಕೆ ದುಡ್ಡಿಲ್ಲ, ಪಾರ್ಕ್ ಟಿಕೆಟ್ ಬೇಕಿಲ್ಲ, ಡಿಸ್ನಿ ಹೋಟೆಲ್‌ಗಳಿಂದ ಬಸ್ ಇದೆ. ಬಂದ ದಿನ ಅಥವಾ ವಾಪಸ್ ಹೊರಡುವ ಹಿಂದಿನ ಸಂಜೆಗೆ ಇಟ್ಟುಕೊಂಡರೆ ಪಾರ್ಕ್ ಟಿಕೆಟ್‌ನ ಒಂದು ದಿನ ಉಳಿಯುತ್ತೆ. ಸಸ್ಯಾಹಾರ ಸಿಗುತ್ತದೆ, ಆದರೆ ಮೊಟ್ಟೆ, ಮೀನಿನ ಸಾಸ್, ಚಿಕನ್ ಸ್ಟಾಕ್ ಬಗ್ಗೆ ಬಿಡಿಸಿ ಕೇಳಿ, ಸುಮ್ನೆ ‘ವೆಜ್’ ಅಂದರೆ ಸಾಲದು. ಹಿರಿಯರಿದ್ದರೆ ನಡೆಯುವ ದೂರ ಗಮನದಲ್ಲಿರಲಿ, ಈ ತುದಿಯಿಂದ ಆ ತುದಿ ಅಂದುಕೊಂಡದ್ದಕ್ಕಿಂತ ಜಾಸ್ತಿ. ಅವರು ಕೂರುವ ರೆಸ್ಟೋರೆಂಟ್‌ಗೆ ಹತ್ತಿರದ ಗ್ಯಾರೇಜ್ ಯಾವುದು ನೋಡಿಕೊಂಡು ಅಲ್ಲೇ ನಿಲ್ಲಿಸಿ.

ಹಳೆಯ ಟಿಕೆಟ್‌ನಲ್ಲಿ ಪ್ಲೆಷರ್ ಐಲ್ಯಾಂಡ್ ಭೇಟಿ ಇನ್ನೂ ಬಾಕಿ ಇದೆ. ಏನು ಮಾಡಲಿ?

ಆಗಿನ ಕೆಲವು ಪಾರ್ಕ್ ಟಿಕೆಟ್‌ಗಳಲ್ಲಿ ಕ್ಲಬ್ ಭೇಟಿಯೂ ಸೇರಿರುತ್ತಿತ್ತು. ಹೋಗಲು ಕ್ಲಬ್ ಇಲ್ಲ. ಆದರೆ ಬಿಸಾಡಬೇಡಿ. ಅವಧಿ ಮುಗಿಯದ ಹಳೆಯ ಟಿಕೆಟ್‌ನಲ್ಲಿ ಬಳಸದ ದಿನ ಉಳಿದಿದ್ದರೆ ಗೆಸ್ಟ್ ರಿಲೇಷನ್ಸ್ ಎಂಬ ಅತಿಥಿಗಳ ಸಹಾಯ ಕೌಂಟರ್‌ನಲ್ಲಿ ತೋರಿಸಿ, ಅದಕ್ಕೆ ಏನು ಬೆಲೆ ಸಿಗುತ್ತದೆ ಅಂತ ಕೇಳಿ. ಡಿಸ್ನಿ ಸ್ಪ್ರಿಂಗ್ಸ್‌ನಲ್ಲೂ ಆ ಕೌಂಟರ್ ಇದೆ.